ಕಾಲೇಜಿಗೊಂದು ಲಾಟರಿ, ನಮಗೊಂದು ಹಣೆಬರಹ

ಸರ್ಕಾರಿ ಕಾಲೇಜುಗಳಿಗೂ ಲಕ್ಕಿ ಡಿಪ್ ನಡೆಸಿ ದುಡ್ಡು ಎತ್ತೋದಕ್ಕೆ ಅನುಮತಿ ಕೊಟ್ಟುಬಿಟ್ಟರೆ ಏನು ತಪ್ಪು? ಈ ಪ್ರಶ್ನೆಯನ್ನು ಸ್ಟಾಫ್‌ರೂಮುಗಳಲ್ಲಿ ಕೇಳಿದ್ದೇನೆ, ಹಳೆಯ ವಿದ್ಯಾರ್ಥಿಗಳ ಸಭೆಗಳಲ್ಲಿ ಕೇಳಿದ್ದೇನೆ. ಕೇಳುವವರು ಕೆಟ್ಟವರೇನಲ್ಲ. ಮಳೆ ಬಂದರೆ ಬೆಂಚು ಎಳೆದಾಡಿಕೊಂಡು ಪಾಠ ಮಾಡುವ ಮೇಷ್ಟ್ರು, ಹುಡುಗಿಯರಿಗೆ ಒಂದು ಶೌಚಾಲಯ ಕಟ್ಟಿಸಲು ಅರ್ಜಿ ಬರೆದು ಬರೆದು ಸಾಕಾದ ಪ್ರಿನ್ಸಿಪಾಲರು, ಇಂಥವರೇ ಕೇಳುತ್ತಾರೆ. ಐವತ್ತು ರೂಪಾಯಿಗೆ ಒಂದು ಕೂಪನ್. ಮೊದಲ ಬಹುಮಾನ ಸ್ಕೂಟರ್, ಎರಡನೆಯದು ಫ್ರಿಜ್ಜು, ಮೂರನೆಯದು ಮಿಕ್ಸಿ, ಸಮಾಧಾನಕರ ಬಹುಮಾನ ಸ್ಟೀಲ್ ಡಬ್ಬ. ವಾರ್ಷಿಕೋತ್ಸವದ ದಿನ ವೇದಿಕೆಯ ಮೇಲೆ ಡ್ರಾ. ಕೊಂಡವರಿಗೂ ಒಂದು ಆಸೆ, ಕಾಲೇಜಿಗೂ ನಾಲ್ಕು ಕಾಸು. ಇದರಲ್ಲಿ ಯಾರಿಗೇನು ನಷ್ಟ ಅಂತಾರೆ.

ಯಾರಿಗೆ ನಷ್ಟ ಅನ್ನೋದನ್ನೇ ನೋಡಬೇಕಾಗಿದೆ. ಇದು ಸಣ್ಣ ವಿಷಯ, ಇದಕ್ಕೂ ಚಳವಳಿಗೂ ಏನು ಸಂಬಂಧ ಎಂದು ಗೆಳೆಯರು ಕೇಳಬಹುದು. ಸರ್ಕಾರಿ ಕಾಲೇಜು ಇವತ್ತು ಯಾರ ಕಾಲೇಜು ಎಂದು ಯೋಚಿಸಿದರೆ ಸಂಬಂಧ ತಾನಾಗಿ ತಿಳಿಯುತ್ತದೆ. ಕಾಸಿದ್ದವರ ಮಕ್ಕಳು ಖಾಸಗಿ ಕಾಲೇಜಿಗೆ ಹೋಗಿ ಬಹಳ ಕಾಲವಾಯಿತು. ತಾಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಉಳಿದಿರೋದು ಕೂಲಿಯವರ, ಸಣ್ಣ ರೈತರ, ಕುಶಲಕರ್ಮಿಗಳ ಮಕ್ಕಳು, ಕೇರಿಯ ಹುಡುಗರು, ತಮ್ಮ ಮನೆಯಲ್ಲಿ ಮೊದಲ ಸಲ ಡಿಗ್ರಿ ಮೆಟ್ಟಿಲು ಹತ್ತಿದ ಹೆಣ್ಣುಮಕ್ಕಳು. ಆ ಕಾಲೇಜಿನ ಖರ್ಚಿಗೆ ಎಲ್ಲಿಂದ ದುಡ್ಡು ಬರಬೇಕು ಎಂಬ ಪ್ರಶ್ನೆ ಈ ಮಕ್ಕಳ ಪ್ರಶ್ನೆ.

ಮೊದಲು ಕಾನೂನಿನ ಮಾತು ಮುಗಿಸೋಣ. ಹಳೆಯ ಭಾರತ ದಂಡ ಸಂಹಿತೆಯ ೨೯೪ಎ ಕಲಮಿನ ಪ್ರಕಾರ ಸರ್ಕಾರ ತಾನೇ ನಡೆಸದ, ಸರ್ಕಾರದ ಅನುಮತಿಯೂ ಇಲ್ಲದ ಲಾಟರಿಯ ಡ್ರಾ ಮಾಡಲು ಜಾಗ ಇಟ್ಟುಕೊಳ್ಳುವುದು ಅಪರಾಧ. ಆರು ತಿಂಗಳವರೆಗೂ ಸಜೆ. ೨೦೨೪ರ ಜುಲೈ ೧ರಿಂದ ಅದೇ ಮಾತು ಭಾರತೀಯ ನ್ಯಾಯ ಸಂಹಿತೆಯ ೨೯೭ನೇ ಕಲಮಾಗಿ ಬಂದಿದೆ. ಅಂದರೆ ಊರೂರಲ್ಲಿ ಸಂಘ ಸಂಸ್ಥೆಗಳು ಯಾರನ್ನೂ ಕೇಳದೆ ನಡೆಸುವ ಲಕ್ಕಿ ಡಿಪ್ಪುಗಳು ಕಾನೂನಿನ ಕಣ್ಣಿಗೆ ನಿರ್ದೋಷಿಗಳಲ್ಲ. ಸರ್ಕಾರಿ ಕಾಲೇಜು ಇದನ್ನು ಮಾಡಬೇಕಾದರೆ ಸರ್ಕಾರವೇ ಅನುಮತಿಯ ಕಾಗದ ಕೊಡಬೇಕು. ಕರ್ನಾಟಕ ಸರ್ಕಾರ ತನ್ನ ಸ್ವಂತ ಲಾಟರಿಯನ್ನೇ ೨೦೦೭ರ ಏಪ್ರಿಲ್‌ನಲ್ಲಿ ಮುಚ್ಚಿತು. ಬಡವರ ಮನೆ ಹಾಳಾಗುತ್ತದೆ ಎಂಬುದೇ ಅವತ್ತು ಕೊಟ್ಟ ಕಾರಣ. ತಾನು ಮುಚ್ಚಿದ ಅಂಗಡಿಯನ್ನು ಕಾಲೇಜಿನ ಕಾಂಪೌಂಡಿನೊಳಗೆ ತೆರೆಯಿರಿ ಎಂದು ಅದೇ ಸರ್ಕಾರ ಕಾಗದ ಕೊಡಬೇಕೆ?

ಜೂಜಿನ ಬಗ್ಗೆ ನಮ್ಮ ನ್ಯಾಯಾಲಯಗಳು ಹೇಳಿರುವ ದೊಡ್ಡ ಮಾತಿಗೆ ನಮ್ಮ ಬೆಂಗಳೂರಿನ ನಂಟೂ ಇದೆ. ಇಲ್ಲಿಂದ ಹೊರಡುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಪದಬಂಧದ ಬಹುಮಾನ ಸ್ಪರ್ಧೆ ನಡೆಸುತ್ತಿತ್ತು. ಅದರ ಮೇಲೆ ಮುಂಬಯಿ ಸರ್ಕಾರ ತೆರಿಗೆ ಹಾಕಿತು. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ೧೯೫೭ರಲ್ಲಿ ಚಮಾರ್‌ಬಾಗ್‌ವಾಲಾ ಮೊಕದ್ದಮೆಯ ತೀರ್ಪಿನಲ್ಲಿ ಮುಖ್ಯ ನ್ಯಾಯಾಧೀಶ ಎಸ್. ಆರ್. ದಾಸ್ ಅವರು, ಜೂಜು ಎಂಬುದು ಸಂವಿಧಾನ ಕಾಪಾಡುವ ವ್ಯಾಪಾರವೇ ಅಲ್ಲ ಎಂದರು. ೧೯೯೯ರಲ್ಲಿ ಅದೇ ಕೋರ್ಟು, ಸರ್ಕಾರವೇ ನಡೆಸಿದರೂ ಲಾಟರಿ ಜೂಜೇ ಎಂದು ಹೇಳಿತು.

೧೯೫೭ರ ತೀರ್ಪಿನಲ್ಲಿ ಇನ್ನೊಂದು ಸಂಗತಿ ಇದೆ. ಜೂಜು ಕೆಟ್ಟದ್ದು ಅನ್ನೋದಕ್ಕೆ ನ್ಯಾಯಾಧೀಶರು ಋಗ್ವೇದದ ಜೂಜುಗಾರನನ್ನು, ಮಹಾಭಾರತದ ಧರ್ಮರಾಯನನ್ನು ನೆನೆಯುತ್ತಾರೆ. ಮನು ಜೂಜನ್ನು ಪೂರಾ ನಿಷೇಧಿಸಿದ್ದಾನೆ ಎಂದು ಸಾಕ್ಷಿಗೆ ಕರೆಯುತ್ತಾರೆ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಜೂಜು ಬೇಡವೆಂದ ಮನುವಿನ ಹೆಸರಿನಲ್ಲೇ ನಮಗೆ ಅಕ್ಷರವೂ ಬೇಡವೆಂದರು. ೧೯೨೭ರ ಡಿಸೆಂಬರ್ ೨೫ರಂದು ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳುತನದಲ್ಲಿ ಆ ಪುಸ್ತಕ ಸುಟ್ಟದ್ದು ಸುಮ್ಮನೆ ಅಲ್ಲ. ಆದ್ದರಿಂದ ಕಾಲೇಜಿನ ಲಾಟರಿ ಬೇಡ ಎಂದು ನಾವು ಹೇಳುವಾಗ ಮನುವಿನ ಪಕ್ಕದಲ್ಲಿ ನಿಂತು ಹೇಳುತ್ತಿಲ್ಲ. ವಿದ್ಯೆ ಸರಸ್ವತಿ, ಕಾಲೇಜು ದೇಗುಲ, ಅಲ್ಲಿ ಜೂಜು ಮೈಲಿಗೆ ಎಂಬ ಮಾತು ನಮ್ಮದಲ್ಲ. ಮೈಲಿಗೆ ಅನ್ನೋ ಪದ ಯಾರ ಬಾಯಿಂದ ಬಂದರೂ ನಮಗೆ ಎಚ್ಚರ ಬೇಕು. ಐವತ್ತು ರೂಪಾಯಿ ಕೊಟ್ಟು ಆಸೆಪಡುವ ಬಡವನನ್ನು ಜೂಜುಕೋರ ಎಂದು ಬಯ್ಯುವ ಹಕ್ಕು ಷೇರುಪೇಟೆಯಲ್ಲಿ ಆಡುವವರಿಗಿಲ್ಲ. ನಮ್ಮ ತಕರಾರು ಬೇರೆಯೇ.

ಒಂದು ಕಾಲೇಜಿನಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ವಿದ್ಯಾರ್ಥಿಗಳಿಗೆ ತಲಾ ಒಂದು ಕೂಪನ್ ಪುಸ್ತಕ ಕೊಟ್ಟರು, ಒಂದೊಂದರಲ್ಲಿ ಹತ್ತು ಚೀಟಿ. ಬಲವಂತ ಇಲ್ಲ, ಆದರೆ ಪುಸ್ತಕ ಖಾಲಿ ಮಾಡಿಕೊಂಡು ಬನ್ನಿ ಅಂದರು. ಪೇಟೆಯ ಅಂಗಡಿಯವರ ಮಗ ಸಂಜೆಯೊಳಗೆ ಹತ್ತೂ ಮಾರಿ ಇನ್ನೊಂದು ಪುಸ್ತಕ ಕೇಳಿದ. ಅವನ ಅಪ್ಪನ ಗಿರಾಕಿಗಳೇ ಕೊಂಡರು. ಕೇರಿಯ ಹುಡುಗ ಯಾರಿಗೆ ಮಾರಬೇಕು? ಊರೊಳಗೆ ಹೋದ. ಒಂದು ಮನೆಯ ಜಗಲಿಯ ಕೆಳಗೆ ನಿಂತು ಕರೆದ. ಯಜಮಾನರು ಅಲ್ಲಿಂದಲೇ, 'ಏನೋ, ಇಷ್ಟುದಿನ ಸ್ಕಾಲರ್‌ಶಿಪ್ಪು ತಗೊಂಡ್ರಿ, ಈಗ ಲಾಟರಿಯೂ ಶುರುವಾಯ್ತಾ' ಅಂದರು. ಅವನು ಮುಂದಿನ ಮನೆಗೆ ಹೋಗಲಿಲ್ಲ. ಕೇರಿಯಲ್ಲಿ ನಾಲ್ಕು ಚೀಟಿ ಸಾಲಕ್ಕೆ ಹೋದವು. ಉಳಿದ ಆರನ್ನು ಅವನವ್ವ ಕೊಂಡಳು. ಆರು ಚೀಟಿಗೆ ಮುನ್ನೂರು ರೂಪಾಯಿ, ಅವಳ ಒಂದು ದಿನದ ಕೂಲಿ. ಸ್ಕೂಟರ್ ಬರುತ್ತದೆ ಎಂದು ಅವಳು ಕೊಳ್ಳಲಿಲ್ಲ. ಮಗನಿಗೆ ಮೇಷ್ಟ್ರ ಮುಂದೆ ಅವಮಾನ ಆಗಬಾರದು ಎಂದು ಕೊಂಡಳು.

ಬಲವಂತ ಇಲ್ಲ ಅನ್ನೋ ಮಾತನ್ನು ಇಲ್ಲಿಟ್ಟು ನೋಡಿ. ಇಂಟರ್ನಲ್ ಮಾರ್ಕ್ಸು ಹಾಕುವ ಕೈಯೇ ಕೂಪನ್ ಪುಸ್ತಕ ಕೊಟ್ಟಾಗ ಅದು ಸ್ವಇಚ್ಛೆ ಹೇಗಾಗುತ್ತದೆ? ಪುಸ್ತಕ ವಾಪಸು ತಂದ ಹುಡುಗ, ಖಾಲಿ ಮಾಡಿ ತಂದ ಹುಡುಗ, ಇಬ್ಬರ ಹೆಸರೂ ಒಂದು ಪಟ್ಟಿಯಲ್ಲಿರುತ್ತದೆ. ಮೇಷ್ಟ್ರು ಒಳ್ಳೆಯವರೇ ಇರಬಹುದು, ಆ ಪಟ್ಟಿ ನೋಡದೆಯೂ ಇರಬಹುದು. ಹುಡುಗನಿಗೆ ಅದು ಗೊತ್ತಾಗೋದು ಹೇಗೆ? ಹುಡುಗಿಯರ ಪಾಡು ಇನ್ನೂ ಕಷ್ಟ. ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಚೀಟಿ ಹಿಡಿದು ಹೋಗುವ ಹೆಣ್ಣುಮಕ್ಕಳು ಏನೇನು ಮಾತು ಕೇಳಿಸಿಕೊಳ್ಳುತ್ತಾರೆ ಎಂದು ಅವರನ್ನೇ ಕೇಳಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಕಾಲೇಜಿನಲ್ಲಿ ೫೦೦ ವಿದ್ಯಾರ್ಥಿಗಳು ಇದ್ದಾರೆ ಅಂದುಕೊಳ್ಳಿ. ತಲಾ ಹತ್ತು ಚೀಟಿ, ಚೀಟಿಗೆ ೫೦ ರೂಪಾಯಿ. ಎಲ್ಲವೂ ಮಾರಿದರೆ ಎರಡೂವರೆ ಲಕ್ಷ. ಸ್ಕೂಟರ್, ಫ್ರಿಜ್ಜು, ಮಿಕ್ಸಿ, ಡಬ್ಬ, ಚೀಟಿ ಅಚ್ಚು ಹಾಕಿಸಿದ್ದು, ಶಾಮಿಯಾನ, ಮೈಕು, ಮುಖ್ಯ ಅತಿಥಿಗೆ ಹಾರ ಶಾಲು ಎಲ್ಲ ಕಳೆದರೆ ಉಳಿಯೋದು ಒಂದು ಲಕ್ಷವಾದರೆ ದೊಡ್ಡದು. ಒಂದು ಲಕ್ಷದಲ್ಲಿ ಇವತ್ತು ಒಂದು ತರಗತಿಯ ಕೊಠಡಿ ಏಳೋದಿಲ್ಲ. ಜನ ಕೊಟ್ಟ ಪ್ರತಿ ನೂರು ರೂಪಾಯಿಯಲ್ಲಿ ಅರವತ್ತು ಸ್ಕೂಟರ್ ಅಂಗಡಿಗೆ, ಶಾಮಿಯಾನದವನಿಗೆ ಹೋಗಿ ನಲವತ್ತು ಕಾಲೇಜಿಗೆ ಬಂತು. ತೆರಿಗೆಯನ್ನು ಯಾರಾದರೂ ಹೀಗೆ ವಸೂಲಿ ಮಾಡಿದರೆ ಅವನನ್ನು ಕೆಲಸದಿಂದ ತೆಗೆಯುತ್ತಾರೆ. ಐದು ಸಾವಿರ ಚೀಟಿಗೆ ಒಂದು ಸ್ಕೂಟರ್. ಒಬ್ಬ ಗೆದ್ದ, ಕೈ ಬೆರಳೆಣಿಕೆಯ ಮಂದಿಗೆ ಡಬ್ಬ ಸಿಕ್ಕಿತು. ಮಿಕ್ಕವರು 'ನಮ್ಮ ಹಣೆಯಲ್ಲಿ ಬರೆದಿರಲಿಲ್ಲ' ಎಂದು ಮನೆಗೆ ಹೋದರು.

ನನ್ನನ್ನು ಚುಚ್ಚುವುದು ಆ ಕೊನೆಯ ಮಾತು. ಹಣೆಬರಹ ಅನ್ನೋದು ನಮ್ಮ ಜನಕ್ಕೆ ಬರೀ ಒಂದು ಮಾತಲ್ಲ. ಸಾವಿರಾರು ವರ್ಷ ಕೇರಿಯನ್ನು ಕೇರಿಯಲ್ಲೇ ಕೂರಿಸಿದ್ದು ಅದೇ ಮಾತು. ಯಾಕೆ ಸತ್ತ ದನ ಹೊರಬೇಕು, ಹಣೆಬರಹ. ಯಾಕೆ ಬಾವಿಯ ಹತ್ತಿರ ಹೋಗಬಾರದು, ಹಣೆಬರಹ. ಒಡೆಯ ಮಾಡಿದ ಅನ್ಯಾಯಕ್ಕೆ ಒಡೆಯನ ಹೆಸರು ಬರದಂತೆ ಕಾಯೋದು ಹಣೆಬರಹದ ಕೆಲಸ. ಈ ಬರಹ ಬ್ರಹ್ಮ ಬರೆದದ್ದಲ್ಲ, ಮನುಷ್ಯರು ಬರೆದದ್ದು, ಅಳಿಸಬಹುದು ಎಂದು ನಮಗೆ ತೋರಿಸಿಕೊಟ್ಟ ಜಾಗ ಶಾಲೆ. ಅಪ್ಪ ಜೀತಕ್ಕಿದ್ದ, ಮಗಳು ಬಿ.ಎ. ಓದಿದಳು. ಅದು ಅದೃಷ್ಟದಿಂದ ಆದದ್ದಲ್ಲ. ಹಾಸ್ಟೆಲ್ಲಿತ್ತು, ಮೀಸಲಾತಿ ಇತ್ತು, ವಿದ್ಯಾರ್ಥಿವೇತನ ಇತ್ತು, ಅವಳ ಶ್ರಮ ಇತ್ತು. ಅವೆಲ್ಲ ಹೋರಾಡಿ ಪಡೆದ ಹಕ್ಕುಗಳು. ಹಣೆಬರಹ ಅಳಿಸೋದಕ್ಕೆ ಕಟ್ಟಿದ ಕಟ್ಟಡದ ಸೂರನ್ನೇ ಹಣೆಬರಹದ ಚೀಟಿ ಮಾರಿ ರಿಪೇರಿ ಮಾಡಿ ಎಂದರೆ, ನಾವು ಆ ಹುಡುಗಿಗೆ ಏನು ಪಾಠ ಹೇಳಿದಂತಾಯಿತು? ನಿನ್ನ ತರಗತಿಗೆ ಸೂರು ಇರೋದು ಬಿಡೋದು ಜನರ ಆಸೆಗೆ ಬಿಟ್ಟದ್ದು, ಸರ್ಕಾರ ಕೊಡಲೇಬೇಕಾದ್ದೇನಲ್ಲ ಎಂದು.

ಈ ಮಾತು ಅತಿಯಾಯಿತು ಎನ್ನುವವರಿಗೆ ಇದೇ ಪ್ರಯೋಗ ಮಾಡಿ ನೋಡಿದ ಇನ್ನೊಂದು ದೇಶದ ಕತೆ ಇದೆ. ೧೯೭೨ರಲ್ಲಿ ಮುಂಬಯಿಯ ನಮ್ಮ ಗೆಳೆಯರು ದಲಿತ ಪ್ಯಾಂಥರ್ಸ್ ಕಟ್ಟಿದಾಗ ಹೆಸರು ತಂದದ್ದು ಅಮೆರಿಕದ ಕರಿಯರ ಚಳವಳಿಯಿಂದ. ಆ ದೇಶದಲ್ಲಿ ಕಾಲೇಜಿಗೂ ಲಾಟರಿಗೂ ಹಳೆಯ ಸಂಬಂಧ. ಇವತ್ತು ಕೊಲಂಬಿಯಾ ವಿಶ್ವವಿದ್ಯಾಲಯ ಎನ್ನಿಸಿಕೊಂಡಿರುವುದು ೧೭೫೪ರಲ್ಲಿ ಕಿಂಗ್ಸ್ ಕಾಲೇಜು ಎಂದು ಹುಟ್ಟಿದಾಗ ಅದಕ್ಕೆ ಲಾಟರಿಯ ಹಣ ಬಂದಿತ್ತು. ಬಾಬಾಸಾಹೇಬರು ಓದಿದ್ದು ಅದೇ ಕೊಲಂಬಿಯಾದಲ್ಲಿ. ಹಾರ್ವರ್ಡ್, ಯೇಲ್ ಕಾಲೇಜುಗಳೂ ಲಾಟರಿ ಎತ್ತಿ ಕಟ್ಟಡ ಕಟ್ಟಿಕೊಂಡವು. ಆ ಕಾಲದಲ್ಲಿ ಆ ಕಟ್ಟಡಗಳ ಬೆಂಚಿನ ಮೇಲೆ ಕರಿಯರ ಮಕ್ಕಳಿಗೆ ಜಾಗ ಇರಲಿಲ್ಲ.

ಅದೇ ಲಾಟರಿ ಒಬ್ಬ ಕರಿಯನಿಗೆ ಒಲಿದದ್ದೂ ಉಂಟು. ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಪಟ್ಟಣದಲ್ಲಿ ಡೆನ್ಮಾರ್ಕ್ ವೀಸಿ ಎಂಬ ಗುಲಾಮ ಬಡಗಿ ಇದ್ದ. ೧೭೯೯ರಲ್ಲಿ ಅವನಿಗೆ ಊರಿನ ಲಾಟರಿಯಲ್ಲಿ ೧,೫೦೦ ಡಾಲರ್ ಬಂತು. ಅದರಲ್ಲಿ ೬೦೦ ಡಾಲರ್ ಒಡೆಯನಿಗೆ ಕೊಟ್ಟು ತನ್ನನ್ನು ತಾನೇ ಕೊಂಡುಕೊಂಡ. ಲಾಟರಿ ಪರ ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೆ ಅವನ ಹೆಂಡತಿ ಮಕ್ಕಳು ದಾಸ್ಯದಲ್ಲೇ ಉಳಿದರು. ಅವನ ಜನವೂ ಉಳಿದರು. ಒಬ್ಬನಿಗೆ ಬಂದ ಅದೃಷ್ಟ ಎಲ್ಲರ ಬಿಡುಗಡೆ ಅಲ್ಲ ಎಂದು ಅವನಿಗೆ ಗೊತ್ತಾಯಿತು. ೧೮೨೨ರಲ್ಲಿ ಅವನು ಗುಲಾಮರ ದಂಗೆಗೆ ಸಂಚು ಮಾಡಿದ ಎಂದು ಹಿಡಿದು, ಅವನನ್ನೂ ಸೇರಿಸಿ ೩೫ ಮಂದಿಯನ್ನು ಗಲ್ಲಿಗೆ ಹಾಕಿದರು. ೧೮೩೪ರಲ್ಲಿ ಅದೇ ದಕ್ಷಿಣ ಕ್ಯಾರೊಲಿನಾ, ಗುಲಾಮರಿಗೆ ಓದು ಬರಹ ಕಲಿಸುವುದು ಅಪರಾಧ ಎಂದು ಕಾಯಿದೆ ಮಾಡಿತು. ಲಾಟರಿ ಚೀಟಿ ಗುಲಾಮನ ಕೈಗೆ ಬರಬಹುದು, ಪುಸ್ತಕ ಬರಬಾರದು. ಒಡೆಯರಿಗೆ ಯಾವುದರ ಹೆದರಿಕೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಅದು ಹಳೆಯ ಕಾಲ ಅನ್ನಬೇಡಿ. ಪಕ್ಕದ ಜಾರ್ಜಿಯಾ ರಾಜ್ಯ ೧೯೯೩ರಲ್ಲಿ ಲಾಟರಿ ಶುರುಮಾಡಿ, ಅದರ ಹಣದಿಂದ 'ಹೋಪ್' ಎಂಬ ಕಾಲೇಜು ವಿದ್ಯಾರ್ಥಿವೇತನ ಕೊಡತೊಡಗಿತು. ಹೋಪ್ ಅಂದರೆ ಭರವಸೆ. ಮೊದಲ ವರ್ಷ, ವರ್ಷಕ್ಕೆ ೬೬,೦೦೦ ಡಾಲರಿಗಿಂತ ಹೆಚ್ಚು ಆದಾಯದ ಮನೆಯ ಮಕ್ಕಳಿಗೆ ಇಲ್ಲ ಎಂಬ ಮಿತಿ ಇತ್ತು. ಮಾರನೆಯ ವರ್ಷ ಅದನ್ನು ಒಂದು ಲಕ್ಷಕ್ಕೆ ಏರಿಸಿದರು. ೧೯೯೫ರಲ್ಲಿ ಮಿತಿಯನ್ನೇ ತೆಗೆದುಹಾಕಿದರು. ಅಲ್ಲಿಂದ ಮುಂದೆ ಅಂಕ ಒಂದೇ ಅಳತೆ. ಒಳ್ಳೆಯ ಶಾಲೆ, ಮನೆಪಾಠ, ಓದಿದ ತಂದೆತಾಯಿ ಇದ್ದವರ ಮಕ್ಕಳಿಗೆ ಅಂಕ ಬರುತ್ತದೆ. ಆ ರಾಜ್ಯದ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಕಾರ್ನ್‌ವೆಲ್ ಮತ್ತು ಮಸ್ಟರ್ಡ್ ಮೊದಲಾದವರು ಲೆಕ್ಕ ತೆಗೆದು ನೋಡಿದರು. ಚೀಟಿಗೆ ತಮ್ಮ ಆದಾಯದ ಹೆಚ್ಚಿನ ಪಾಲು ಸುರಿಯುತ್ತಿದ್ದವರು ಬಡವರು, ಕರಿಯರು. ವೇತನದ ಹೆಚ್ಚಿನ ಪಾಲು ಪಡೆದವರು ಉಳ್ಳವರು, ಬಿಳಿಯರು. ಅನೇಕ ಬಡ ಮಕ್ಕಳಿಗೂ ಅದರಿಂದ ಓದು ಸಿಕ್ಕಿತು, ಸುಳ್ಳಲ್ಲ. ಆದರೆ ಕರಿಯ ಕೂಲಿಯವನ ಡಾಲರು ಬಿಳಿಯ ಡಾಕ್ಟರನ ಮಗನ ಫೀಸಾಗುವ ದಾರಿಯನ್ನು ಭರವಸೆ ಎಂಬ ಹೆಸರಿನಲ್ಲಿ ಕಟ್ಟಿದ್ದೂ ಸುಳ್ಳಲ್ಲ.

ಕೇರಳದ ಕಡೆ ಬೊಟ್ಟು ಮಾಡುವ ಕಾಮ್ರೇಡರು ನಮ್ಮಲ್ಲಿದ್ದಾರೆ. ನಿಜ, ದೇಶದಲ್ಲಿ ಮೊದಲು ಸರ್ಕಾರಿ ಲಾಟರಿ ಶುರುಮಾಡಿದ್ದು ೧೯೬೭ರಲ್ಲಿ ಇ.ಎಂ.ಎಸ್. ಅವರ ಸರ್ಕಾರ. ಒಂದು ರೂಪಾಯಿ ಟಿಕೆಟ್, ಐವತ್ತು ಸಾವಿರ ಮೊದಲ ಬಹುಮಾನ, ೧೯೬೮ರ ಜನವರಿ ೨೬ರಂದು ಮೊದಲ ಡ್ರಾ. ಆದರೆ ಕೇರಳದ ಮಕ್ಕಳು ಓದಿದ್ದು ಲಾಟರಿಯಿಂದ ಅಂತ ಯಾರಾದರೂ ಹೇಳಿದರೆ ಅಯ್ಯನ್‌ಕಾಳಿಯವರಿಗೆ ಅವಮಾನ. ಪುಲಯರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದಿದ್ದರೆ ನಿಮ್ಮ ಗದ್ದೆಗೆ ಇಳಿಯೋದಿಲ್ಲ ಎಂದು ಅವರು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಕೂಲಿಗಳ ಮುಷ್ಕರ ಹೂಡಿಸಿದರು. ೧೯೧೦ರಲ್ಲಿ ಪಂಚಮಿ ಎಂಬ ಪುಟ್ಟ ಹುಡುಗಿಯ ಕೈ ಹಿಡಿದು ಊರುಟ್ಟಂಬಲದ ಶಾಲೆಗೆ ಕರೆದುಕೊಂಡು ಹೋದರು. ಮೇಲುಜಾತಿಯವರು ಶಾಲೆಗೇ ಬೆಂಕಿ ಇಟ್ಟರು. ಕೇರಳದ ಓದಿನ ಹಿಂದೆ ಆ ಮುಷ್ಕರ ಇದೆ, ಆ ಹುಡುಗಿಯ ನಡಿಗೆ ಇದೆ. ಲಾಟರಿ ಬಂದದ್ದು ಎಷ್ಟೋ ಆಮೇಲೆ.

ನಮ್ಮ ರಾಜ್ಯದಲ್ಲಿ ಸರ್ಕಾರದ ಬೊಕ್ಕಸಕ್ಕೂ ಬಡವರ ಜೇಬಿಗೂ ಎರಡು ಕೊಳವೆಗಳಿದ್ದವು. ಒಂದು ಸಾರಾಯಿ, ಇನ್ನೊಂದು ಲಾಟರಿ. ಕೂಲಿ ಬಟವಾಡೆಯಾದ ಸಂಜೆ ಎರಡೂ ಅಂಗಡಿಗಳ ಮುಂದೆ ಒಬ್ಬರೇ ಮನುಷ್ಯರು ನಿಂತಿರುತ್ತಿದ್ದರು. ಎರಡೂ ಮುಚ್ಚಿದ್ದು ೨೦೦೭ರಲ್ಲಿ, ಏಪ್ರಿಲ್‌ನಲ್ಲಿ ಲಾಟರಿ, ಜುಲೈನಲ್ಲಿ ಸಾರಾಯಿ. ಅದಕ್ಕೂ ಎಷ್ಟೋ ವರ್ಷ ಮೊದಲು ದಲಿತ ಸಂಘರ್ಷ ಸಮಿತಿ, ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ಬೀದಿಗಿಳಿದಿತ್ತು. ಹೆಂಡ ಮಾರಿ ಬಂದ ದುಡ್ಡಿನಲ್ಲಿ ಶಾಲೆ ಕಟ್ಟಿ ಎಂದು ಸಮಿತಿ ಕೇಳಲಿಲ್ಲ. ಅದು ಬೇಡ, ಇದು ಬೇಕು ಎಂದು ಕೇಳಿತು. ಲಕ್ಕಿ ಡಿಪ್‌ಗೆ ಅನುಮತಿ ಕೇಳುವ ಮೇಷ್ಟ್ರು ಗೆಳೆಯರು ಈ ವ್ಯತ್ಯಾಸವನ್ನು ಒಂದು ಸಲ ಯೋಚಿಸಬೇಕು.

ಬಾಬಾಸಾಹೇಬರು ಈ ಲೆಕ್ಕವನ್ನು ೧೯೨೭ರಲ್ಲೇ ಮಾಡಿದ್ದರು. ಮಹಾಡದ ಕೆರೆಯ ಸತ್ಯಾಗ್ರಹ ನಡೆದದ್ದು ಮಾರ್ಚ್ ೨೦ಕ್ಕೆ. ಅದಕ್ಕೆ ಎಂಟು ದಿನ ಮುಂಚೆ, ಮಾರ್ಚ್ ೧೨ರಂದು, ಮುಂಬಯಿ ಶಾಸನ ಸಭೆಯಲ್ಲಿ ಶಿಕ್ಷಣದ ಅನುದಾನದ ಮೇಲೆ ಮಾತಾಡುತ್ತಾ ಅವರು ಎರಡು ಅಂಕಿ ಇಟ್ಟರು. ಸರ್ಕಾರ ತಲೆಗೊಂದಕ್ಕೆ ಶಿಕ್ಷಣಕ್ಕೆ ಖರ್ಚು ಮಾಡುವುದು ೧೪ ಆಣೆ. ಅದೇ ತಲೆಯಿಂದ ಅಬಕಾರಿಯ ಬಾಬ್ತು ವಸೂಲಿ ಮಾಡುವುದು ೨ ರೂಪಾಯಿ ೨ ಆಣೆ ೯ ಪೈ. ಜನರಿಂದ ಅಬಕಾರಿಯಲ್ಲಿ ಎಷ್ಟು ತೆಗೆದುಕೊಳ್ಳುತ್ತೀರೋ ಕಡೆಯ ಪಕ್ಷ ಅಷ್ಟನ್ನಾದರೂ ಅವರ ಓದಿಗೆ ಖರ್ಚು ಮಾಡಿ ಎಂಬುದು ಅವರ ವಾದ. ಇದನ್ನು ಹಿಡಿದು, ನೋಡಿ, ಅಂಬೇಡ್ಕರರೇ ಹೆಂಡದ ಹಣ ಶಾಲೆಗೆ ಕೊಡಿ ಅಂದಿದ್ದಾರೆ, ಲಾಟರಿ ಹಣ ಯಾಕಾಗಬಾರದು ಎಂದು ಯಾರಾದರೂ ವಾದಿಸಬಹುದು. ಅವರು ಹೇಳಿದ್ದು, ಆಗಲೇ ಕಿತ್ತುಕೊಂಡದ್ದನ್ನು ವಾಪಸು ಕೊಡಿ ಎಂದು. ಕಿತ್ತುಕೊಳ್ಳುವುದಕ್ಕೆ ಕಾಲೇಜಿಗೂ ಒಂದು ಪರವಾನಗಿ ಕೊಡಿ ಎಂದಲ್ಲ. ೧೯೪೨ರಲ್ಲಿ ವೈಸರಾಯರಿಗೆ ಮನವಿ ಕೊಟ್ಟಾಗಲೂ ಅವರು ಕೇಳಿದ್ದು ಖಜಾನೆಯಲ್ಲಿ ನಮ್ಮ ಪಾಲು. ಪರಿಶಿಷ್ಟ ಜಾತಿಯ ಕಾಲೇಜು ವಿದ್ಯಾರ್ಥಿಗಳ ವೇತನ ೧೯೪೪ರಲ್ಲಿ ಶುರುವಾಯಿತು. ಇವತ್ತು ನಮ್ಮ ಹಾಸ್ಟೆಲಿನ ಹುಡುಗ ತಡವಾಗಿಯಾದರೂ ಪಡೆಯುವ ಮೆಟ್ರಿಕ್ ನಂತರದ ವೇತನದ ಬೇರು ಅಲ್ಲಿದೆ.

ಹಾಗಾದರೆ ಸರ್ಕಾರದ ಹತ್ತಿರ ದುಡ್ಡಿಲ್ಲವೆ? ರಾಷ್ಟ್ರದ ಉತ್ಪನ್ನದ ನೂರಕ್ಕೆ ೬ ಭಾಗ ಶಿಕ್ಷಣಕ್ಕೆ ಹೋಗಬೇಕು ಎಂದು ಕೊಠಾರಿ ಆಯೋಗ ಹೇಳಿದ್ದು ೧೯೬೬ರಲ್ಲಿ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಆರನ್ನು ಮತ್ತೆ ಬರೆದಿದೆ. ಈ ನಡುವೆ ಯಾವ ಸರ್ಕಾರವೂ ಅದನ್ನು ಮುಟ್ಟಲಿಲ್ಲ. ನಮ್ಮ ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳನ್ನು ಹೊತ್ತು ನಡೆಸುತ್ತಿರುವವರು ಬಹುಪಾಲು ಅತಿಥಿ ಉಪನ್ಯಾಸಕರು. ಅವರ ಸಂಖ್ಯೆ ಹತ್ತು ಸಾವಿರ ದಾಟಿ, ಸೇವಾ ಭದ್ರತೆಗಾಗಿ ಮತ್ತೆ ಮತ್ತೆ ಮುಷ್ಕರ ಹೂಡಿದ್ದಾರೆ. ೨೦೧೩ರಲ್ಲಿ ಪರಿಶಿಷ್ಟರ ಉಪಯೋಜನೆಗೆ ನಮ್ಮ ರಾಜ್ಯ ಒಂದು ಕಾಯಿದೆಯನ್ನೇ ಮಾಡಿತು, ಜನಸಂಖ್ಯೆಗೆ ತಕ್ಕ ಪಾಲು ಎಂದು. ೨೦೨೩-೨೪ರಲ್ಲಿ ಆ ಪಾಲಿನಿಂದ ೧೧ ಸಾವಿರ ಕೋಟಿಗೂ ಹೆಚ್ಚು ಹಣವನ್ನು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ತೋರಿಸಿದರು. ಅಲ್ಲಿಯೂ ಫಲಾನುಭವಿಗಳು ದಲಿತರೇ ಎಂಬುದು ಸರ್ಕಾರದ ಸಮಜಾಯಿಷಿ. ಇರಬಹುದು. ಆದರೆ ಎಲ್ಲರಿಗೂ ಕೊಡುವುದನ್ನು ನಮಗೆ ನಮ್ಮ ಪಾಲಿನಿಂದಲೇ ಕೊಟ್ಟರೆ ನಮ್ಮ ಮಕ್ಕಳ ಹಾಸ್ಟೆಲಿಗೆ, ಕಾಲೇಜಿಗೆ ಯಾವ ಪಾಲು ಉಳಿಯಿತು? ಇಂಥ ಸಾವಿರ ಕೋಟಿಗಳ ಪ್ರಶ್ನೆ ಇರುವಾಗ ಒಂದು ಲಕ್ಷದ ಲಕ್ಕಿ ಡಿಪ್ ಬಗ್ಗೆ ಚರ್ಚಿಸುತ್ತಾ ಕೂತಿದ್ದೇವೆ. ಲಾಟರಿಯ ನಿಜವಾದ ಉಪಯೋಗ ಇದೇ. ಅದು ದುಡ್ಡು ತರೋದಕ್ಕಿಂತ ಹೆಚ್ಚಾಗಿ ಪ್ರಶ್ನೆಯನ್ನು ಬೇರೆ ಕಡೆ ತಿರುಗಿಸುತ್ತದೆ.

ಪ್ರಶ್ನೆ ತಿರುಗದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿ ಇದೆ. ೨೦೨೨ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಾಲೆಗಳ ಖರ್ಚಿಗೆ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದು ಎಂದು ಶಿಕ್ಷಣ ಇಲಾಖೆಯ ಸುತ್ತೋಲೆ ಹೊರಟಿತು. ಅದರಲ್ಲೂ ಸ್ವಇಚ್ಛೆಯಿಂದ ಎಂಬ ಪದ ಇತ್ತು. ಜನ ಕೇಳಿದರು, ಸರ್ಕಾರಿ ಶಾಲೆ ಅಂದಮೇಲೆ ನೂರು ರೂಪಾಯಿ ಯಾಕೆ ಎಂದು. ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು. ನೇರವಾಗಿ ಕೇಳಿದ ನೂರಕ್ಕೆ ನಾವು ಸಿಟ್ಟಾದೆವು. ಸ್ಕೂಟರಿನ ಚಿತ್ರ ಅಂಟಿಸಿ ಕೇಳಿದ ಐವತ್ತಕ್ಕೆ ಸಿಟ್ಟು ಬರೋದಿಲ್ಲ. ಬಹುಮಾನದ ಆಸೆ ಸಿಟ್ಟನ್ನು ಕೊಂಡುಬಿಡುತ್ತದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಇದೆ. ನಮ್ಮ ಹಿರಿಯರೂ ವಂತಿಗೆ ಎತ್ತಿಯೇ ಶಾಲೆ ಕಟ್ಟಲಿಲ್ಲವೆ? ಕಟ್ಟಿದರು. ಭಾವುರಾವ್ ಪಾಟೀಲರು ೧೯೧೯ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಶುರುಮಾಡಿ ಎಲ್ಲ ಜಾತಿಯ ಮಕ್ಕಳಿಗೆ ಒಂದೇ ಹಾಸ್ಟೆಲು ಕಟ್ಟಿದರು. ಆ ಮಕ್ಕಳ ಅನ್ನಕ್ಕಾಗಿ ಅವರ ಹೆಂಡತಿ ಲಕ್ಷ್ಮೀಬಾಯಿ ಮೈಮೇಲಿನ ಒಡವೆ ಮಾರಿದರು. ಬಾಬಾಸಾಹೇಬರು ೧೯೪೫ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿ, ಮಾರನೆಯ ವರ್ಷ ಸಿದ್ಧಾರ್ಥ ಕಾಲೇಜು ತೆರೆದರು. ನಮ್ಮ ಹಳ್ಳಿಗಳಲ್ಲಿ ರಾಗಿ ಎತ್ತಿ, ಕಲ್ಲು ಹೊತ್ತು ಶಾಲೆಗೆ ಗೋಡೆ ಎಬ್ಬಿಸಿದ ಕೇರಿಗಳಿವೆ. ಆ ವಂತಿಗೆಯನ್ನು ನಾನು ತಲೆಬಾಗಿ ನೆನೆಯುತ್ತೇನೆ. ಆದರೆ ವಂತಿಗೆಗೂ ಲಾಟರಿಗೂ ವ್ಯತ್ಯಾಸ ಇದೆ. ಒಂದು ಹಿಡಿ ರಾಗಿ ಕೊಟ್ಟ ಅವ್ವ ಪಕ್ಕದ ಗುಡಿಸಲಿನ ಮಗುವನ್ನು ನೆನೆದು ಕೊಟ್ಟಳು. ತನಗೆ ಏನೂ ಬರೋದಿಲ್ಲ ಎಂದು ತಿಳಿದೇ ಕೊಟ್ಟಳು. ಆಮೇಲೆ ಶಾಲೆಯ ಮುಂದೆ ಹಾದು ಹೋಗುವಾಗ ಇದು ನಮ್ಮ ಶಾಲೆ ಅಂದಳು, ಮೇಷ್ಟ್ರು ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳಿದಳು. ಕೂಪನ್ ಕೊಂಡವನು ಡ್ರಾ ಮುಗಿದ ಮೇಲೆ ಚೀಟಿ ಹರಿದು ಬಿಸಾಕುತ್ತಾನೆ. ಅಲ್ಲಿಗೆ ಕಾಲೇಜಿನ ಜೊತೆ ಅವನ ಲೆಕ್ಕ ಚುಕ್ತಾ. ಇನ್ನೂ ಒಂದು ಮಾತು. ಹಿರಿಯರು ವಂತಿಗೆ ಎತ್ತಿದ್ದು ಸರ್ಕಾರ ನಮ್ಮದಲ್ಲದ ಕಾಲದಲ್ಲಿ ಅಥವಾ ಸರ್ಕಾರ ಕಣ್ಣು ಹಾಯಿಸದ ಜಾಗದಲ್ಲಿ. ಈಗ ಸಂವಿಧಾನ ಇದೆ. ದುರ್ಬಲ ವರ್ಗಗಳ, ಅದರಲ್ಲೂ ಪರಿಶಿಷ್ಟರ ಶಿಕ್ಷಣವನ್ನು ವಿಶೇಷ ಕಾಳಜಿಯಿಂದ ಬೆಳೆಸುವುದು ಸರ್ಕಾರದ ಹೊಣೆ ಎಂದು ಅದರ ೪೬ನೇ ವಿಧಿ ಹೇಳುತ್ತದೆ.

ಖಾಸಗಿ ಕಾಲೇಜುಗಳು ಕ್ಯಾಪಿಟೇಷನ್ ಹೆಸರಿನಲ್ಲಿ ಉಳ್ಳವರಿಂದ ಸುಲಿದಾಗ ನಮ್ಮ ರಾಜ್ಯ ೧೯೮೪ರಲ್ಲಿ ಅದನ್ನು ತಡೆಯಲು ಕಾಯಿದೆ ಮಾಡಿತು. ಆ ಕಾಯಿದೆ ಎಷ್ಟು ಹಲ್ಲಿಲ್ಲದ್ದು ಎಂದು ಎಲ್ಲರಿಗೂ ಗೊತ್ತು. ಆದರೂ ಓದನ್ನು ಮಾರಬಾರದು ಎಂಬ ತತ್ವವನ್ನಾದರೂ ಅದು ಒಪ್ಪಿತು. ಈಗ ಸರ್ಕಾರಿ ಕಾಲೇಜಿಗೆ ಲಾಟರಿಯ ಅನುಮತಿ ಕೊಟ್ಟರೆ ಆ ತತ್ವಕ್ಕೂ ಎಳ್ಳುನೀರು. ಈ ವರ್ಷ ಸೂರಿಗೆ ಲಕ್ಕಿ ಡಿಪ್. ಮುಂದಿನ ವರ್ಷ ಅನುದಾನ ಕೇಳಲು ಹೋದರೆ, ಲಕ್ಕಿ ಡಿಪ್ ಮಾಡಿಕೊಳ್ಳಿ, ಅನುಮತಿ ಕೊಟ್ಟಿದ್ದೇವಲ್ಲ ಅಂತಾರೆ. ಆಮೇಲೆ ಅತಿಥಿ ಉಪನ್ಯಾಸಕರ ಸಂಬಳಕ್ಕೂ ಒಂದು ಸ್ಕೂಟರ್ ನಿಲ್ಲಿಸಬೇಕಾಗುತ್ತದೆ.

ಹಳ್ಳಿ ಕಡೆಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನನ್ನದೊಂದು ಮಾತು. ಕೂಪನ್ ಪುಸ್ತಕ ಕೈಗೆ ಬಂದರೆ ಜಗಳ ಕಾಯಬೇಡಿ, ಲೆಕ್ಕ ಕೇಳಿ. ಯಾರ ಅನುಮತಿ, ಯಾವ ಆದೇಶ, ಯಾವ ಖಾತೆ ಎಂದು ಕೇಳಿ. ಈ ಕಾಲೇಜಿಗೆ ಕಟ್ಟಡದ ಅನುದಾನ ಎಷ್ಟು ಮಂಜೂರಾಗಿತ್ತು, ಎಷ್ಟು ಬಂತು, ಎಲ್ಲಿ ನಿಂತಿದೆ ಎಂದು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ. ಐವತ್ತರ ಚೀಟಿಗಿಂತ ಆ ಹತ್ತರ ಅರ್ಜಿಗೆ ಬೆಲೆ ಹೆಚ್ಚು. ಐದು ಸಾವಿರ ಚೀಟಿ ಮಾರುವ ಕಾಲ್ನಡಿಗೆಯನ್ನೇ ಐದು ಸಾವಿರ ಸಹಿಗೆ ಬಳಸಿ. ಆ ಸಹಿ ಹಿಡಿದು ಶಾಸಕರ ಮನೆಯ ಮುಂದೆ ಕೂರಿ. ಚೀಟಿ ಮಾರಲು ಹೋದ ಹುಡುಗನಿಗೆ ಜಗಲಿಯ ಕೆಳಗೆ ನಿಂತು ಕರೆಯಬೇಕಾಯಿತು. ಸಹಿ ಕೇಳಲು ಹತ್ತು ಜನ ಒಟ್ಟಿಗೆ ಹೋದರೆ ಅವನು ಮೇಲೆ ಹತ್ತಿ ಕೇಳಬಹುದು.

ಆ ಹುಡುಗನ ಅವ್ವ ಕೊಂಡ ಆರು ಚೀಟಿಗೆ ಏನೂ ಬರಲಿಲ್ಲ. ಡ್ರಾ ಆದ ದಿನ ಅವಳು ಕೂಲಿಗೆ ಹೋಗಿದ್ದಳು. ಸಂಜೆ ಮಗ ಬಂದು ಬರಲಿಲ್ಲವ್ವ ಅಂದ. 'ಬಿಡು, ಸ್ಕೂಟರ್ ತಗೊಂಡು ನಾನೇನ್ ಮಾಡ್ಲಿ, ಸೂರು ಹಾಕ್ಸಿದ್ರಾ' ಎಂದು ಕೇಳಿದಳಂತೆ. ಅನುಮತಿ ಕೊಡುವವರೂ ಕೇಳುವವರೂ ಮೊದಲು ಅವಳಿಗೆ ಉತ್ತರ ಹೇಳಲಿ.